ಹೊರಗೆ ಕೂತ ಬೇಸಿಗೆ

ತುರಿದ ತೆಂಗಿನಕಾಯಿ ಬೇಸಿಗೆಯಲ್ಲಿ ಹೊತ್ತೇರುವಷ್ಟರಲ್ಲಿ ಸಣ್ಣಗೆ ಹುಳಿ ವಾಸನೆ ಬಿಡಲು ಶುರು ಮಾಡುತ್ತದೆ. ಹಾಳಾಗಿರುವುದಿಲ್ಲ, ಹಾಳಾಗಲು ಹೊರಟಿರುತ್ತದೆ. ಮೊನ್ನೆ ಮಂಚಿಕೇರಿ ಕಡೆಯ ಒಂದು ದೇವಸ್ಥಾನಕ್ಕೆ ಯಾರದೋ ಮುಂಜಿಯ ಊಟಕ್ಕೆ ಹೋಗಿದ್ದೆ. ಕೈ ತೊಳೆಯಲು ಹಿಂದುಗಡೆ ಹೋದಾಗ ಆ ವಾಸನೆ ಬಂತು, ನಿಂತುಬಿಟ್ಟೆ. ಮುದುಕಿಗೆ ತಲೆ ತಿರುಗಿತೆಂದುಕೊಂಡು ಯಾರೋ ಮೊಣಕೈ ಹಿಡಿದರು. ತಲೆ ತಿರುಗಿರಲಿಲ್ಲ. ಅಲ್ಲೇ ಕೂಲಿ ಮಾಡಿ ಕಳೆದ ಒಂದು ಬೇಸಿಗೆ ನೆನಪಾಗಿತ್ತು, ಅಷ್ಟೆ.

ದೇವಸ್ಥಾನದ ಹೆಸರು ಬರೆಯುವುದಿಲ್ಲ. ದೇವರದ್ದೇನೂ ತಪ್ಪಿಲ್ಲ, ಅವನ ಹೆಸರು ಯಾಕೆ ಕೆಡಿಸುವುದು? ಮೂರನೇ ಇಯತ್ತೆಗೆ ಶಾಲೆ ಬಿಟ್ಟವಳು ನಾನು. ಅಕ್ಷರ ಕೂಡಿಸುವಷ್ಟರಲ್ಲಿ ಹೇಳಬೇಕಾದ್ದು ಅರ್ಧ ಮರೆತಿರುತ್ತದೆ. ಇದು ಮಾತ್ರ ಮರೆತಿಲ್ಲ. ಹೆಂಗಸರಿಗೆ ಬಸ್ಸು ಪುಕ್ಕಟೆ ಆದ ಮೇಲಿನ ಮೊದಲ ಬೇಸಿಗೆ ಅದು.

ಈಗ ಯಾರೂ ಮನೆಯಂಗಳದಲ್ಲಿ ಚಪ್ಪರ ಹಾಕಿ ಮದುವೆ ಮಾಡುವುದಿಲ್ಲ. ದೇವಸ್ಥಾನದ ಸಭಾಭವನ ಹಿಡಿಯುತ್ತಾರೆ, ಊಟವೂ ದೇವಸ್ಥಾನದ್ದೇ. ಒಳಗಿನ ಅಡುಗೆಮನೆಯಲ್ಲಿ ಮಡಿ ಉಟ್ಟ ಗಂಡಸರು. ಹಿಂದುಗಡೆ ತಗಡಿನ ಮಾಡಿನ ಕೆಳಗೆ ನಾವು. ಕಾಯಿ ತುರಿಯುವುದು, ತರಕಾರಿ ಹೆಚ್ಚುವುದು, ಅಕ್ಕಿ ಆರಿಸುವುದು ನಮ್ಮ ಕೆಲಸ. ಮಧ್ಯಾಹ್ನ ಆ ತಗಡು ಕಾದು ಹೆಂಚಾಗುತ್ತಿತ್ತು. ಬಾವಿಯಲ್ಲಿ ಕೊಡ ಬಿಟ್ಟರೆ ನೀರಿಗಿಂತ ಮೊದಲು ಕಲ್ಲಿಗೆ ತಾಗಿದ ಸದ್ದು. ಸಂಜೆ ಗುಡುಗುತ್ತಿತ್ತು. ಮಳೆ ಬರುತ್ತಿರಲಿಲ್ಲ, ಸೆಕೆ ಮಾತ್ರ ಬರುತ್ತಿತ್ತು.

ಮಾಡಿನ ಕೆಳಗೆ ನಾನು, ನನ್ನ ಓರಗೆಯ ಇನ್ನಿಬ್ಬರು ಮುದುಕಿಯರು, ಭಾರತಿ, ಮತ್ತೆ ಗಣಪತಿ. ಇಷ್ಟೇ ಜನ. ಆಚೆ ಕಲ್ಲಿನ ಹತ್ತಿರ ಗೌರಿ ಪಾತ್ರೆ ತೊಳೆಯುತ್ತಿದ್ದಳು. ಪಕ್ಕದ ಕೇರಿಯ ಒಕ್ಕಲು ಮನೆಯವಳು. ಅವಳು ಮಾಡಿನೊಳಗೆ ಬರುವ ಹಾಗಿರಲಿಲ್ಲ. ಪಾತ್ರೆಯನ್ನು ನಾವು ಅಂಚಿನಲ್ಲಿಡಬೇಕು, ಅವಳು ಎತ್ತಿಕೊಂಡು ಹೋಗಬೇಕು. ಹಾಗೇ ನಡೆದು ಬಂದಿತ್ತು, ಯಾರೂ ಅದರ ಮಾತೆತ್ತುತ್ತಿರಲಿಲ್ಲ.

ಭಾರತಿ ವಜ್ರಳ್ಳಿ ಕಡೆಯವಳು. ಗಂಡ ಬಿಟ್ಟು ಹೋಗಿದ್ದ. ಸಣ್ಣ ಮಗಳನ್ನು ಕಟ್ಟಿಕೊಂಡು ಅಣ್ಣನ ಮನೆಯಲ್ಲಿದ್ದಳು. ಅತ್ತಿಗೆ ಬೈಯುತ್ತಿರಲಿಲ್ಲವಂತೆ. ಬೈಯದೆ ಇದ್ದೇನೆ ಎಂದು ತೋರಿಸುತ್ತಿದ್ದಳಂತೆ. ಯಲ್ಲಾಪುರದಲ್ಲಿ ಒಂದು ಕೋಣೆ ಹಿಡಿದು ಮಗಳನ್ನು ಅಲ್ಲಿಯ ಶಾಲೆಗೆ ಹಾಕಬೇಕೆಂಬುದೊಂದೇ ಅವಳ ತಲೆಯಲ್ಲಿದ್ದದ್ದು. ಬೆಳಿಗ್ಗೆ ಬಸ್ಸಿಗೆ ಬಂದು ಕತ್ತಲಾಗುವುದರೊಳಗೆ ಮಗಳ ಹತ್ತಿರ ಹೋಗಿ ಸೇರಬಹುದಾದ ಕೆಲಸ ಅವಳಿಗೆ ಬೇರೆ ಸಿಕ್ಕಿರಲಿಲ್ಲ.

ಗಣಪತಿ ನಮ್ಮ ಹಾಗೆಯೇ ಕಾಯಿ ತುರಿಯುವ ಮಣೆಯ ಮೇಲೆ ಕೂರುತ್ತಿದ್ದ. ನಮ್ಮಷ್ಟೇ ಹೊತ್ತು, ನಮ್ಮಷ್ಟೇ ಕಾಯಿ. ಅವನ ಕೂಲಿ ಮಾತ್ರ ನಮ್ಮದಕ್ಕಿಂತ ಜಾಸ್ತಿ. ಗಂಡಾಳಿಗೆ ಒಂದು, ಹೆಣ್ಣಾಳಿಗೆ ಒಂದು. ನಾನು ಹುಟ್ಟಿದಾಗಿನಿಂದ ನೋಡಿದ್ದೇ ಅದು, ಬಿಸಿಲು ಯಾಕೆ ಬಿಸಿ ಎಂದು ಯಾರಾದರೂ ಕೇಳುತ್ತಾರೆಯೇ? ಭಾರತಿ ಕೇಳಿದಳು.

"ಗಣಪತಣ್ಣ, ನಿಂಗೆ ಎಂತಕ್ಕೆ ಯಂಗಕ್ಕಿಂತ ಹೆಚ್ಚು ಕೊಡ್ತ?"

"ಆನು ಚೆಂದ ಇದ್ದಿ, ಅದಕ್ಕೆ."

ಅವನು ತನ್ನನ್ನೇ ತೋರಿಸಿಕೊಂಡ. ಮುದುಕಿಯರು ನಕ್ಕರು. ಭಾರತಿ ನಗಲಿಲ್ಲ. "ನಿನ್ನ ತುರಿಲಿ ಕರಟದ ಚೂರು ಇರ್ತು. ಅದನ್ನ ಆರ್ಸದೂ ಯಂಗವೇಯ."

"ಅಯ್ಯೋ ಮಾರಾಯ್ತಿ, ಕೊಡುವವು ಅವು, ಬೈಸ್ಕಳುವವ ಆನು!" ಎಂದ ಗಣಪತಿ. ಒಳ್ಳೆಯವನೇ. ಒಳ್ಳೆಯವನಾದರೂ ಹೆಚ್ಚಿನ ಕೂಲಿ ಬೇಡವೆಂದು ಯಾರೂ ಹೇಳುವುದಿಲ್ಲ.

ಆ ವಾರವೇ ಸಭಾಭವನದಲ್ಲಿ ಕಾನೂನು ಅರಿವಿನ ಶಿಬಿರವೊಂದಿತ್ತು. ಶಿರಸಿಯಿಂದ ವಕೀಲಿ ಮಾಡುವ ಹೆಣ್ಣುಮಗಳೊಬ್ಬಳು ಬಂದಿದ್ದಳು. ಜನ ಸೇರಿರಲಿಲ್ಲ. ದೇವಸ್ಥಾನದ ಮೊಕ್ತೇಸರರು, ಹೆಗಡೇರು ಎನ್ನುತ್ತಿದ್ದೆವು ನಾವು, ಹಿಂದುಗಡೆ ಬಂದು, "ಕುರ್ಚಿ ಖಾಲಿ ಕಾಣ್ತು, ಎಲ್ಲಾ ಬಂದು ಕೂತ್ಕಳಿ" ಎಂದರು. ಕೈ ಒರೆಸಿಕೊಂಡು ಹೋಗಿ ಕೂತೆವು. ಗೌರಿ ಬಾಗಿಲ ಹೊರಗೆ ಮೆಟ್ಟಿಲ ಮೇಲೆ ಕೂತಳು.

ವಕೀಲಮ್ಮ ಆಸ್ತಿಯದ್ದು ಹೇಳಿದಳು, ವರದಕ್ಷಿಣೆಯದ್ದು ಹೇಳಿದಳು. ನನಗೆ ನಿದ್ದೆ ಎಳೆಯುತ್ತಿತ್ತು. ಆಮೇಲೆ, ಒಂದೇ ನಮೂನೆಯ ಕೆಲಸಕ್ಕೆ ಗಂಡಸಿಗೂ ಹೆಂಗಸಿಗೂ ಒಂದೇ ಕೂಲಿ ಕೊಡಬೇಕೆಂದು ಕಾಯ್ದೆ ಇದೆ ಎಂದಳು. ಯಾರಿಗಾದರೂ ಪ್ರಶ್ನೆ ಇದ್ದರೆ ಕೇಳಿ ಎಂದಳು. ಇಂಥ ಕಡೆ ಯಾರೂ ಕೇಳುವುದಿಲ್ಲ, ಊಟಕ್ಕೆ ಏಳುತ್ತಾರೆ. ಭಾರತಿ ಎದ್ದು ನಿಂತಳು. ಸೀರೆಯ ಮೇಲೆ ಕಾಯಿತುರಿ ಹಾಗೇ ಇತ್ತು.

"ಇಲ್ಲಿಯ ಅಡುಗೆಮನೆಗೂ ಆ ಕಾಯ್ದೆ ಬರ್ತದಾ ಮೇಡಂ?"

ಉತ್ತರ ಕೊಟ್ಟವರು ಹೆಗಡೇರು. "ಇದು ಕೂಲಿ ಅಲ್ಲಮ್ಮಾ, ದೇವರ ಸೇವೆ. ನಾವು ಕೊಡೋದು ಸಂಭಾವನೆ. ಧಾರ್ಮಿಕ ಸಂಸ್ಥೆಗೆ ಅದರದ್ದೇ ಪದ್ಧತಿ ಅಂತ ಇರ್ತದೆ. ಅದರಲ್ಲಿ ಬೇರೆಯವರು ಕೈ ಹಾಕೂಕಾಗೂದಿಲ್ಲ." ಆಮೇಲೆ ಪಕ್ಕದವರ ಕಡೆ ತಿರುಗಿ, ನಮಗೂ ಕೇಳುವ ಹಾಗೆ, "ಬಸ್ಸು ಪುಕ್ಕಟೆ, ಅಕ್ಕಿ ಪುಕ್ಕಟೆ, ಇನ್ನು ದೇವರ ಹತ್ರನೂ ಜಗಳ" ಎಂದರು.

ವಕೀಲಮ್ಮ ಸಿಟ್ಟು ಮಾಡಲಿಲ್ಲ. "ಪೂಜೆ ಯಾರು ಮಾಡಬೇಕು, ಹೇಗೆ ಮಾಡಬೇಕು ಅನ್ನುವುದು ನಿಮ್ಮ ಪದ್ಧತಿ ಸರ್. ಕಾಯಿ ತುರಿಯುವುದು ಪೂಜೆಯೇ?"

"ನೈವೇದ್ಯಕ್ಕೂ ಅದೇ ಕಾಯಿ."

"ಹಾಗಾದರೆ ಗಂಡಸರು ತುರಿದರೂ ಅದು ಸೇವೆಯೇ. ಒಂದೇ ಸೇವೆಗೆ ಎರಡು ಸಂಭಾವನೆ ಯಾಕೆ?" ಎಂದು ಕೇಳಿ, ಇದಕ್ಕೆಲ್ಲ ಎರಡೂ ಕಡೆ ವಾದ ಇದೆ, ಕೋರ್ಟಿಗೆ ಹೋದರೆ ವರ್ಷಗಟ್ಟಲೆ ನಡೆಯುತ್ತದೆ, ಇಲ್ಲೇ ಕೂತು ಮಾತಾಡಿಕೊಂಡರೆ ಒಳ್ಳೆಯದು ಎಂದೂ ಸೇರಿಸಿದಳು.

ಹೆಗಡೇರಿಗೆ ನನ್ನ ನೆನಪಾಯಿತು. ನಾನು ಮಡಿ, ಮೈಲಿಗೆ ಬಿಟ್ಟವಳಲ್ಲ ಎಂದು ಅವರಿಗೆ ಗೊತ್ತು. "ಗಂಗತ್ತೆ, ನೀನೇ ಹೇಳು. ಹೆಂಗಸ್ರಿಗೆ ತಿಂಗಳಿಗೆ ಮೂರು ದಿನ ಬಪ್ಪಲೆ ಆಗ್ತಿಲ್ಲೆ. ಗಂಡಸ್ರಿಗೆ ಹಂಗಿಲ್ಲೆ. ಎರಡೂ ಒಂದೇ ಹ್ಯಾಂಗೆ ಆಗ್ತು?"

ಎಲ್ಲರೂ ತಿರುಗಿ ನೋಡಿದರು. ನಾನು ಕೂತಲ್ಲಿಂದಲೇ ಹೇಳಿದೆ: "ಮಡಿ ದೇವ್ರದ್ದು, ಅದನ್ನ ಆನು ಬಿಡ್ತಿಲ್ಲೆ. ಕೂಲಿ ನಿಂಗಳದ್ದು, ಅದನ್ನ ಸಮ ಮಾಡಿ."

ವಕೀಲಮ್ಮ ಚಪ್ಪಾಳೆ ತಟ್ಟಿದಳು. ಉಳಿದವರೂ ತಟ್ಟಿದರು. ನನಗೆ ನನ್ನ ಮಾತು ಬಹಳ ಚೆನ್ನಾಗಿ ಕಂಡಿತು.

ಹಿಂದುಗಡೆ ಬಂದ ಮೇಲೆ ಭಾರತಿ ಮುಖ ಗಂಟು ಹಾಕಿಕೊಂಡಿದ್ದಳು. "ಅದು ಎರಡು ವಿಷಯ ಅಲ್ಲ ಅತ್ತೆ, ಒಂದೇಯ. ಆ ಮೂರು ದಿನದ ಕೂಲಿ ಯಂಗೆ ಹೆಂಗೂ ಇಲ್ಲೆ. ಮತ್ತೆ ಆ ಮೂರು ದಿನ ತೋರ್ಸಿ ಉಳಿದ ದಿನದ ಕೂಲಿನೂ ಕಡಿಮೆ. ಆನು ಮಾಡಿದ್ದು ಎಂತ ಹೇಳು? ಹೆಣ್ಣಾಗಿ ಹುಟ್ಟಿದ್ದು."

"ಯಂಗ ಕೂತಿದ್ವಿಲ್ಯ ಹೊರಗೆ? ನಿಂಗೊಂದೇಯ?" ಎಂದೆ.

ಆಗ ಕಲ್ಲಿನ ಹತ್ತಿರದಿಂದ ಗೌರಿ, ಕೊಪ್ಪರಿಗೆ ತಿಕ್ಕುತ್ತಲೇ, ತಲೆ ಎತ್ತದೆ ಹೇಳಿದಳು. "ನಿಮ್ಗೆ ತಿಂಗ್ಳಲ್ಲಿ ಮೂರು ದಿನ ಹೊರ್ಗೆ ಅಮ್ಮಾ. ನಮ್ಗೆ ಯಾವತ್ತೂ ಹೊರ್ಗೇ."

ಜಗಳದ ದನಿಯಲ್ಲ. ನೀರಿಲ್ಲ, ಬೂದಿ ಮುಗಿಯಿತು ಎನ್ನುವ ಹಾಗೆ ಹೇಳಿದಳು. ಗಣಪತಿ ಎದ್ದು ಕಾಯಿ ಒಡೆಯಲು ಹೋದ. ಒಡೆದ ಕಾಯಿ ಇನ್ನೂ ಬೇಕಾದಷ್ಟಿತ್ತು.

ಹೆಗಡೇರು ಕೆಟ್ಟವರಲ್ಲ. ಊರ ಎದುರು ಮಾತು ಬಂದದ್ದು ಅವರಿಗೆ ಚುಚ್ಚಿರಬೇಕು. ಸಮಿತಿಯವರೆಲ್ಲ ಕೂತು ಮಾತಾಡಿ, ಕಾಯಿ ತುರಿಯುವವರಿಗೆಲ್ಲ ಒಂದೇ ಎಂದು ಮಾಡಿದರು. "ಇನ್ನು ಮೇಲೆ ಆನು ಚೆಂದ ಕಾಣ್ತಿಲ್ಲೆ ಹಂಗಾರೆ" ಎಂದ ಗಣಪತಿ. ಭಾರತಿ ಅವತ್ತು ಮೊದಲ ಸಲ ದೊಡ್ಡದಾಗಿ ನಕ್ಕಳು. ಗೌರಿಗೆ ಏನೂ ಆಗಲಿಲ್ಲ. ಪಾತ್ರೆ ತೊಳೆಯುವ ಗಂಡಸರು ಯಾರೂ ಇರಲಿಲ್ಲವಾದ್ದರಿಂದ ಅವಳದ್ದನ್ನು ಯಾರದಕ್ಕೆ ಸಮ ಮಾಡುವುದು?

ಅದಾಗಿ ಸ್ವಲ್ಪ ದಿನಕ್ಕೆ ಹೆಗಡೇರು ಮತ್ತೆ ಬಂದರು. ಮೆತ್ತಗೆ ಮಾತಾಡಿದರು. ಮದುವೆಯ ಕಾಲ, ಜನ ಜಾಸ್ತಿ, ಮಡಿಗೆ ಕೊರತೆ ಬರಬಾರದು, ಮುಟ್ಟು ನಿಂತವರು ಮಾತ್ರ ಇನ್ನು ಮೇಲೆ ಕಾಯಿಗೆ, ತರಕಾರಿಗೆ ಸಾಕು ಎಂದು ಸಮಿತಿ ಹೇಳಿದೆಯಂತೆ. "ಗಂಗತ್ತೆ ಹೇಳಿದ್ದೇಯ ಇದು. ಮಡಿ ದೇವ್ರದ್ದು, ಕೂಲಿ ಯಂಗಳದ್ದು. ಕೂಲಿ ಸಮ ಮಾಡಿದ್ಯ. ಮಡಿ ವಿಷಯ ಯಾವ ಕಾಯ್ದೆಗೂ ಬತ್ತಿಲ್ಲೆ."

ಮುಟ್ಟು ನಿಲ್ಲದವಳು ಅಲ್ಲಿ ಒಬ್ಬಳೇ. ಭಾರತಿ ಅಳಲಿಲ್ಲ, ನನ್ನನ್ನು ನೋಡಲೂ ಇಲ್ಲ. ಮಣೆಯನ್ನು ಒರೆಸಿ ಗೋಡೆಗೆ ಒರಗಿಸಿಟ್ಟು, ಚೀಲ ತೆಗೆದುಕೊಂಡು ಬಸ್ಸಿಗೆ ಹೋದಳು. ಹೆಚ್ಚಾದ ಕೂಲಿ ಉಳಿದದ್ದು ನಮಗೆ, ಎದ್ದು ನಿಂತು ಕೇಳದ ಮೂರು ಮುದುಕಿಯರಿಗೆ.

ನಾನು ಹೆಗಡೇರ ಹತ್ತಿರ ಹೋದೆ. "ಭಾರತಿ ಯಾವತ್ತಾದ್ರೂ ಮಡಿಲಿ ತಪ್ಪಿದ್ದಾ?" ಎಂದು ಕೇಳಿದೆ.

"ಇಲ್ಲೆ. ತಪ್ಪಿರೆ?"

"ಗಣಪತಿ ಸೂತಕ ಇದ್ದಾಗ ಬತ್ನಿಲ್ಲೆ. ಬಂದ್ಬಿಟ್ರೆ ಹೇಳಿ ಹೆದರಿ ಅವನ್ನ ಬಿಡ್ಸಿದ್ರ?"

"ಗಂಗತ್ತೆ, ನಿಂಗೆ ಇದ್ರಲ್ಲಿ ಎಂತ ನಷ್ಟ ಆತು? ಸುಮ್ನಿರು" ಎಂದರು.

ಭೈರುಂಬೆಯಲ್ಲಿ ಬಸ್ಸಿಳಿದು ಮನೆಗೆ ನಡೆಯುವಾಗ ಅದನ್ನೇ ಯೋಚಿಸಿದೆ. ನಾನು ದೇವರದ್ದೊಂದು ಪಾಲು, ಮನುಷ್ಯರದ್ದೊಂದು ಪಾಲು ಎಂದು ನಡುವೆ ಗೆರೆ ಎಳೆದಿದ್ದೆ. ಗೆರೆ ಈಗಲೂ ಸರಿಯೆಂದೇ ಅನಿಸುತ್ತದೆ. ಆದರೆ ಯಾವುದು ಯಾವ ಪಾಲಿಗೆ ಎಂದು ಹೇಳುವ ಹಕ್ಕು ಅವರ ಕೈಯಲ್ಲೇ ಇತ್ತು. ಕೂಲಿಯನ್ನು ಮನುಷ್ಯರ ಪಾಲಿಗೆ ಹಾಕಿದರು, ಕೂಲಿ ಮಾಡುವವಳನ್ನೇ ದೇವರ ಪಾಲಿಗೆ ದೂಡಿದರು. ಮಡಿಯೆಂದರೆ ನಾನು ನನ್ನ ಮೈಗೆ ಹಾಕಿಕೊಂಡ ಕಟ್ಟು. ಹಸಿದಾಗ ಉಪವಾಸ ಮಾಡಿದ ಹಾಗೆ. ಬೇರೆಯವರ ತಟ್ಟೆ ತೆಗೆದಿಟ್ಟು ಅದಕ್ಕೆ ಉಪವಾಸ ಎಂದು ಹೆಸರಿಟ್ಟರೆ ಪುಣ್ಯ ಯಾರಿಗೆ?

ಯೋಚನೆಯಿಂದ ಏನೂ ಆಗುವುದಿಲ್ಲ. ಹೆಗಡೇರ ಮೊಮ್ಮಗಳ ಮದುವೆ ಬಂತು. ಆ ಬೇಸಿಗೆಯ ಅತಿ ದೊಡ್ಡ ಊಟ. ಅವತ್ತು ನಸುಕಿನ ಬಸ್ಸಿಗೆ ಹೋದೆ. ದೇವಸ್ಥಾನದ ಗೇಟಿನೊಳಗೆ ಕಾಲಿಡಲಿಲ್ಲ. ರಸ್ತೆಯಲ್ಲೇ ನಿಂತು ಗಣಪತಿಯನ್ನು ಕೂಗಿದೆ.

"ಎಂತ ಗಂಗತ್ತೆ, ಅಲ್ಲೇ ನಿಂತ್ಗಂಡೆ?"

"ಯಂಗೆ ಹೊರಗೆ. ಹೆಗಡೇರಿಗೆ ಹೇಳು."

ನಮ್ಮಲ್ಲಿ ಹೆಂಗಸು ಮುಟ್ಟಿನ ಈ ಮಾತು ಹೇಳಿದರೆ ಮುಗಿಯಿತು. ಹೌದೋ ಅಲ್ಲವೋ ಎಂದು ಯಾರೂ ಕೇಳುವುದಿಲ್ಲ. ಗಂಡಸರಂತೂ ಆ ಮಾತು ಕಿವಿಗೆ ಬಿದ್ದ ಕೂಡಲೇ ಬೇರೆ ಕಡೆ ನೋಡುತ್ತಾರೆ. ಗಣಪತಿ ನನ್ನನ್ನೇ ನೋಡಿದ. ಅವನ ಭುಜ ಕುಣಿಯಲು ಶುರುವಾಯಿತು. ಬಾಯಿಗೆ ಟವೆಲ್ಲು ಒತ್ತಿಕೊಂಡು ಒಳಗೆ ಓಡಿದ.

ನಮ್ಮ ಇನ್ನೊಬ್ಬ ಮುದುಕಿ ಅದೇ ಹೊತ್ತಿಗೆ ಬಂದವಳು ವಿಷಯ ಕೇಳಿ, "ಯಂಗೂ ಹೊರಗೆ" ಎಂದು ನನ್ನ ಪಕ್ಕ ನಿಂತಳು. ಮೂರನೆಯವಳಿಗೆ ಧೈರ್ಯ ಸಾಲದು. ಆದರೆ ಅಷ್ಟೂ ಕಾಯಿ ಒಬ್ಬಳೇ ತುರಿಯಬೇಕಾಗುತ್ತದೆಂದು ಗೊತ್ತಾದ ಮೇಲೆ ಅವಳಿಗೂ ಹೊರಗಾಯಿತು.

ಹೆಗಡೇರು ರೇಷ್ಮೆ ಪಂಚೆಯಲ್ಲಿ ಬಂದರು. "ಗಂಗತ್ತೆ! ನಿಂಗೆ ಎಪ್ಪತ್ತಾತು!"

"ಹೌದು. ದೇವ್ರ ಇಚ್ಛೆ. ಕೆಲವರಿಗೆ ಈ ವಯಸ್ಸಲ್ಲೂ ಆಗ್ತಡ."

"ಸುಳ್ಳು!"

"ಹಂಗಾರೆ ಪರೀಕ್ಷೆ ಮಾಡ್ತ್ರಾ?"

ಗೇಟಿನ ಹತ್ತಿರ ಗಂಡಿನ ಕಡೆಯ ನೆಂಟರು ಕಾರಿನಿಂದ ಇಳಿಯುತ್ತಿದ್ದರು. ಹೆಗಡೇರು ದನಿ ಇಳಿಸಿದರು. "ಇವತ್ತೇ ಎಂತಕ್ಕೆ ಈ ಆಟ?"

"ಆಟ ಅಲ್ಲ. ಹೊರಗಪ್ಪ ಸಾಧ್ಯತೆ ಇಪ್ಪವು ಬಪ್ಪಲಾಗ ಹೇಳಿ ನಿಂಗಳ ಕಟ್ಟಳೆ. ಯಂಗಕ್ಕೂ ಸಾಧ್ಯತೆ ಇದ್ದು ಹೇಳಿ ಗೊತ್ತಾತು. ಇನ್ನು ಹೆಂಗಸ್ರೇ ಬ್ಯಾಡ ನಿಂಗಕ್ಕೆ. ಗಣಪತಿ ತುರೀತ."

"ಯಂಗೆ ಬೆನ್ನು ನೋವು" ಎಂದ ಗಣಪತಿ ಹಿಂದಿನಿಂದ.

ಒಳಗೆ ವಾದ್ಯದವರು ಶ್ರುತಿ ಹಚ್ಚುತ್ತಿದ್ದರು. ಗಣಪತಿ ಮೆಲ್ಲಗೆ, "ಗೌರಿ ಇದ್ದಲ, ಅದು ತುರೀಲಕ್ಕು" ಎಂದ. ಯಾರೂ ಕೇಳಿಸಿಕೊಳ್ಳಲಿಲ್ಲ. ನನಗೆ ಕೇಳಿಸಿತ್ತು. ನಾನೂ ಮಾತಾಡಲಿಲ್ಲ.

"ಆ ವಜ್ರಳ್ಳಿ ಕೂಸಿಗೆ ಫೋನ್ ಮಾಡು" ಎಂದರು ಹೆಗಡೇರು ಕೊನೆಗೆ.

ಗಣಪತಿ ಮಾಡಿದ. ಭಾರತಿ ಏನೋ ಕೇಳಿದಳು. ಅವನು ಫೋನನ್ನು ಕಿವಿಯಿಂದ ತೆಗೆದು, "ಇವತ್ತಿಗೆ ಮಾತ್ರವಾ, ಯಾವಾಗ್ಲೂ ಬಪ್ಪಲಕ್ಕಾ ಹೇಳಿ ಕೇಳ್ತಾ ಇದ್ದು" ಎಂದ.

ಹೆಗಡೇರು ನನ್ನನ್ನು ನೋಡಿದರು. ನಾನು ರಸ್ತೆ ನೋಡಿದೆ.

"ಯಾವಾಗ ಬರವು, ಯಾವಾಗ ಬಪ್ಪಲಾಗ ಹೇಳಿ ಆ ಕೂಸಿಗೇ ಗೊತ್ತಿದ್ದು. ಯಾರೂ ಕೇಳದು ಬ್ಯಾಡ" ಎಂದರು.

ಭಾರತಿ ಬಂದು ಕಾಯಿ ತುರಿದು ಮುಗಿಸುವಷ್ಟರಲ್ಲಿ ಅವತ್ತು ಊಟ ತಡವಾಯಿತಂತೆ. ಪಾಯಸಕ್ಕೆ ಕಾಯಿಹಾಲು ಕಡಿಮೆಯಾಯಿತಂತೆ. ನಾನು ನೋಡಲಿಲ್ಲ, ಮುಂದಿನ ಬಸ್ಸಿಗೆ ಮನೆಗೆ ಬಂದಿದ್ದೆ.

ಬಂದವಳು ಒಳಗೆ ಹೋಗಲಿಲ್ಲ. ಹೊರಗೆ ಎಂದು ದೇವರ ಬಾಗಿಲಲ್ಲಿ ಹೇಳಿದ ಮೇಲೆ ಹೊರಗೇ. ಜಗುಲಿಯ ಮೂಲೆಯಲ್ಲಿ ಚಾಪೆ ಹಾಸಿಕೊಂಡು ಕೂತೆ. ಸೊಸೆಯದ್ದು ಈಗಿನ ಕಾಲ, ಅವಳು ಆ ದಿನಗಳಲ್ಲಿ ದೀಪ ಹಚ್ಚುವುದಿಲ್ಲ, ಅಷ್ಟೆ. "ಅತ್ತೆ, ನಿಂಗಕ್ಕೆ ಮರುಳಾ? ಯಾರೂ ನೋಡ್ತಾ ಇಲ್ಲೆ, ಒಳಗೆ ಬನ್ನಿ" ಎಂದಳು. "ನೋಡ್ಲಿ ಹೇಳಿ ಕೂತಿದ್ದಲ್ಲ" ಎಂದೆ. ಅವಳು ಊಟ ತಂದು ದೂರದಲ್ಲಿಟ್ಟು ಹೋದಳು. ಮುಟ್ಟು ನಿಂತು ಎಷ್ಟು ಕಾಲವಾಗಿತ್ತು! ಹಿಂದೆ ಆ ದಿನಗಳು ನನಗೆ ಸಿಗುತ್ತಿದ್ದ ಒಂದೇ ವಿಶ್ರಾಂತಿ, ಚೆನ್ನಾಗಿತ್ತು ಎಂದೇ ಎಲ್ಲರಿಗೂ ಹೇಳುತ್ತಾ ಬಂದಿದ್ದೆ. ಕೂತು ನೋಡಿದರೆ ಅಷ್ಟೇನೂ ಚೆನ್ನಾಗಿರಲಿಲ್ಲ. ಬಾಯಾರಿದರೆ ಕೂಗಬೇಕು. ಕೂಗಿದರೆ ಯಾರಾದರೂ ಬರುವವರೆಗೆ ಕಾಯಬೇಕು. ನಮ್ಮದೇ ಮನೆಯ ಮಾತು ಗೋಡೆಯಾಚೆಯಿಂದ ಕೇಳುತ್ತದೆ, ನಡುವೆ ಬಾಯಿ ಹಾಕಲು ಬರುವುದಿಲ್ಲ.

ಮರುದಿನ ಮಧ್ಯಾಹ್ನದ ಬಸ್ಸಿಗೆ ಭಾರತಿ ಬಂದಳು. ಬರುವ ಹಾದಿಯಲ್ಲಿ ಯಲ್ಲಾಪುರದಲ್ಲಿ ಒಂದು ಕೋಣೆ ನೋಡಿ ಬಾಡಿಗೆ ಮಾತಾಡಿ ಬಂದಿದ್ದಳು. ಜಗುಲಿಗೆ ಹತ್ತಿ ನೇರ ನನ್ನ ಚಾಪೆಯ ಮೇಲೆ, ನನಗೆ ಅಂಟಿಕೊಂಡೇ ಕೂತಳು.

"ಮುಟ್ಟಡ!" ಎಂದೆ.

"ಸುಳ್ಳಲ್ದಾ ಅತ್ತೆ?"

"ಹೇಳಿದ ಮೇಲೆ ಸುಳ್ಳಲ್ಲ. ಮನೆಗೆ ಹೋಗಿ ಮೀಯವು ನೀನು."

"ಮೀಯನ. ಸೆಕೆ ಹೆಂಗೂ ಇದ್ದು." ಅವಳು ಸರಿಯಲಿಲ್ಲ. ನಾನೂ ಸರಿಯಲಿಲ್ಲ. "ಆ ಮೂರು ದಿನ ಆನು ಬತ್ತಿಲ್ಲೆ, ಆದ್ರೆ ಕೂಲಿ ಕಡಿಯಲಾಗ ಹೇಳಿ ಹೆಗಡೇರಿಗೆ ಹೇಳಿ ಬಂದಿದ್ದಿ. ಏಕಾದಶಿ ದಿನ ಸಭೆ ಕರೀತ್ರಡ. ಯಂಗವೂ ಬರವು ಹೇಳಿದ್ದ."

"ಅಷ್ಟೊತ್ತಿಗೆ ಯಂದು ಸ್ನಾನ ಆಗಿರ್ತು. ಬತ್ತಿ."

"ಬಂದು ಎಂತ ಹೇಳ್ತೆ? ಮಡಿ ದೇವ್ರದ್ದು ಹೇಳಿಯಾ?"

ಸ್ವಲ್ಪ ಯೋಚಿಸಿದೆ. "ನಿನ್ನ ಹೊರಗೆ ಕೂರ್ಸದು ಯಂಗಳ ಮಡಿ. ಹಂಗಾರೆ ಅದ್ರ ಕೂಲಿ ನಿನ್ನ ಕೈಯಿಂದ ಎಂತಕ್ಕೆ ಹೋಗವು ಹೇಳಿ ಕೇಳ್ತಿ."

"ಗೌರಿ ವಿಷಯ?"

ಅಂಗಳದಲ್ಲಿ ಬಿಸಿಲು ಇಳಿಯುತ್ತಿತ್ತು. ದೂರದಲ್ಲೆಲ್ಲೋ ಗುಡುಗಿತು.

"ಅದನ್ನ ನೀನು ಕೇಳು" ಎಂದೆ. "ಯಂಗೆ ಅದಕ್ಕೆ ಇನ್ನೂ ಬಾಯಿ ಬತ್ತಿಲ್ಲೆ."

ಅವಳು ನಗಲಿಲ್ಲ, ಬೈಯಲೂ ಇಲ್ಲ. "ಆತು, ಆನೇ ಕೇಳ್ತಿ. ನೀನು ಯನ್ನ ಪಕ್ಕ ಕೂತ್ಗ, ಸಾಕು" ಎಂದು, ಬಸ್ಸಿಗೆ ಹೊತ್ತಾಯಿತೆಂದು ಎದ್ದಳು.